ಆಸರೆ ಸಿಕ್ಕ ಮೇಲೆ ಭಾರ ಇಳಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಕಳೆದ ವಾರ ನಿಮ್ಮ ಪತ್ರಿಕೆಯ ಆರೋಗ್ಯ ಪುಟದಲ್ಲಿ ವ್ಯಾಯಾಮದ ಕುರಿತು ಬಂದ ಲೇಖನವನ್ನು ಎರಡು ಸಲ ಓದಿದೆ. ಬರಹದ ಬಗ್ಗೆ ನನಗೆ ತಕರಾರಿಲ್ಲ. ಅದರ ಜೊತೆ ಅಚ್ಚಾದ ಚಿತ್ರದ ಬಗ್ಗೆ ಇದೆ. ಪ್ರೀಚರ್ ಬೆಂಚಿನ ಇಳಿಜಾರು ಮೆತ್ತೆಯ ಮೇಲೆ ತೋಳು ಚಾಚಿಕೊಂಡು ಒಬ್ಬ ಯುವಕ ಬಾರ್ಬೆಲ್, ಅಂದರೆ ಎರಡೂ ತುದಿಗೆ ಭಾರದ ತಟ್ಟೆ ಸಿಕ್ಕಿಸಿದ ಸರಳು, ಎತ್ತುತ್ತಿದ್ದಾನೆ. ಆಸನದಿಂದ ಅರ್ಧ ಎದ್ದುಬಿಟ್ಟಿದ್ದಾನೆ. ಭುಜಗಳು ಕಿವಿಯ ತನಕ ಏರಿವೆ. ಮೊಣಕೈಗಳು ಮೆತ್ತೆಯಿಂದ ಎರಡು ಬೆರಳು ಮೇಲಕ್ಕೆದ್ದಿವೆ. ಮಣಿಕಟ್ಟು ಹಿಂದಕ್ಕೆ ಬಾಗಿ ಬಾರಿನ ಭಾರಕ್ಕೆ ಸೋತಿದೆ. ಚಿತ್ರದ ಕೆಳಗೆ ‘ಸರಿಯಾದ ಭಂಗಿಯಲ್ಲಿ ಬೈಸೆಪ್ಸ್ ಕರ್ಲ್’ ಎಂಬ ಅಡಿಬರಹ. ಬೈಸೆಪ್ಸ್ ಎಂದರೆ ರಟ್ಟೆಯ ಮುಂಬದಿಯ ಸ್ನಾಯು, ಕರ್ಲ್ ಎಂದರೆ ಮೊಣಕೈ ಬಾಗಿಸಿ ಭಾರ ಎತ್ತುವುದು.

ನಾನು ಬಡಗಿ. 28 ವರ್ಷಗಳಿಂದ ಇದೇ ಕೆಲಸ. ವೈದ್ಯನಲ್ಲ, ವ್ಯಾಯಾಮ ಕಲಿಸುವವನೂ ಅಲ್ಲ. ಆದರೆ ಹೆಚ್ಚುಕಡಿಮೆ ಆ ಚಿತ್ರದಲ್ಲಿರುವ ಭಂಗಿಯಲ್ಲೇ, ಅಂಥದೇ ಒಂದು ಬೆಂಚಿನ ಮೇಲೆ, ಒಂದೂವರೆ ವರ್ಷದ ಹಿಂದೆ ನನ್ನ ಬಲಗೈಯ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಎಲುಬಿಗೆ ಹಿಡಿದಿಡುವ ಹುರಿ, ಎಲುಬಿನಿಂದ ಕಿತ್ತು ಬಂತು. ಆಗ ನನಗೆ 47 ವರ್ಷ. ನನಗಾದದ್ದು ನಿಮ್ಮ ಚಿತ್ರ ನೋಡಿ ಜಿಮ್ಮಿಗೆ ಹೋಗುವ ಇನ್ನೊಬ್ಬರಿಗೆ ಆಗಬಾರದು ಎಂಬ ಒಂದೇ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಕ್ಷಮಿಸಬೇಕು.

ಜಿಮ್ಮಿಗೆ ಸೇರಿ ಎರಡು ವರ್ಷವಾಗಿತ್ತು. ಮರ ಹೊತ್ತು, ತೋಪಡ ಹಿಡಿದು ಬೆಳೆದ ತೋಳು ನನ್ನದು. ಅದರ ಬಗ್ಗೆ ನನಗೆ ಅಭಿಮಾನವಿತ್ತು. ನಿಂತುಕೊಂಡು 30 ಕಿಲೋ ಬಾರ್ಬೆಲ್ಲನ್ನು ಎದೆಯ ತನಕ ತರುತ್ತಿದ್ದೆ. ಹೇಗೆ ತರುತ್ತಿದ್ದೆ ಎಂಬುದನ್ನು ಆಗ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮೊದಲು ಮಂಡಿ ಸ್ವಲ್ಪ ಬಗ್ಗಿಸಿ, ಸೊಂಟವನ್ನು ಮುಂದಕ್ಕೆ ತಳ್ಳಿ, ಬೆನ್ನನ್ನು ಹಿಂದಕ್ಕೆ ಎಸೆದು, ಆ ತೂಗಾಟದಲ್ಲಿ ಬಾರ್ ತಾನಾಗಿ ಹೊಟ್ಟೆಯ ಮಟ್ಟಕ್ಕೆ ಬಂದ ಮೇಲೆ ಮೊಣಕೈಯನ್ನು ಮುಂದಕ್ಕೆ ಸರಿಸಿ ಉಳಿದದ್ದನ್ನು ಮುಗಿಸುತ್ತಿದ್ದೆ. ಇಳಿಸುವುದಂತೂ ಇರಲೇ ಇಲ್ಲ, ಬೀಳಿಸುವುದಷ್ಟೇ. ಹತ್ತು ಸಲ ಹೀಗೆ ಮಾಡಿದರೆ ಸೊಂಟ ಹಿಡಿಯುತ್ತಿತ್ತು, ರಟ್ಟೆ ದಣಿಯುತ್ತಿರಲಿಲ್ಲ. ಅದೇ ಒಂದು ಸುಳಿವಾಗಬೇಕಿತ್ತು.

ಆ ಸಂಜೆ ಅಲ್ಲಿನ ತರಬೇತುದಾರರು ನನ್ನನ್ನು ಪ್ರೀಚರ್ ಬೆಂಚಿಗೆ ಕರೆದರು. ‘ಇಲ್ಲಿ ಬೆಂಚಿನ ಆಸರೆ ಇರುತ್ತದೆ, ಇನ್ನೂ ಐದು ಕಿಲೋ ಹಾಕಿಕೊಳ್ಳಿ’ ಎಂದರು. ನನಗೂ ಅದು ಸರಿಯೆನಿಸಿತು. ನಮ್ಮ ಕೆಲಸದಲ್ಲಿ ಆಸರೆ ಎಂದರೆ ಭಾರ ಹಂಚಿಕೊಳ್ಳುವುದು. ತೊಲೆಗೆ ಕೆಳಗಿನಿಂದ ಒಂದು ಕಂಬ ಕೊಟ್ಟರೆ ತೊಲೆ ಹೆಚ್ಚು ಹೊರುತ್ತದೆ. ಬೆಂಚೂ ಹಾಗೆಯೇ ಎಂದುಕೊಂಡೆ. ಬೆಂಚು ಭಾರದಲ್ಲಿ ಒಂದು ಗುಲಗಂಜಿಯನ್ನೂ ಹೊರುವುದಿಲ್ಲ, ತೋಳನ್ನು ಅಲುಗದಂತೆ ಹಿಡಿಯುತ್ತದೆ ಅಷ್ಟೇ ಎಂಬುದು ನನಗೆ ಹೊಳೆಯಲಿಲ್ಲ. ಅವರಿಗೂ ಹೊಳೆಯಲಿಲ್ಲ.

ನಾಲ್ಕು ಸಲ ಎತ್ತಿದೆ, ಪ್ರತಿ ಸಲವೂ ಆಸನ ಬಿಟ್ಟು ಎದ್ದು. ಐದನೆಯ ಸಲ ಇಳಿಸುವಾಗ ತೋಳು ಸೋತಿತು. ಬಾರ್ ಸರ್ರನೆ ಕೆಳಗಿಳಿದು, ಮೊಣಕೈ ಪೂರ್ತಿ ನೆಟ್ಟಗಾಗುವ ಜಾಗದಲ್ಲಿ ಎಳೆದು ನಿಂತಿತು. ಒಳಗಡೆ ‘ಟಪ್’ ಎಂದಿತು. ಬಿಗಿದ ನೈಲಾನ್ ಹುರಿ ತುಂಡಾದಾಗ ಬರುವ ಸದ್ದು ಅದು, ಪಕ್ಕದಲ್ಲಿದ್ದವರಿಗೂ ಕೇಳಿಸಿತು. ಬಲಬದಿ ಕುಸಿಯಿತು. ನೋವು ನಾನು ಎಣಿಸಿದಷ್ಟು ಇರಲಿಲ್ಲ. ಮೊಣಕೈಯ ಮಡಿಕೆಯಲ್ಲಿ ಬಿಸಿನೀರು ಸುರಿದಂತೆ ಉರಿ, ಆಮೇಲೆ ಜೋಮು. ರಾತ್ರಿಯ ಹೊತ್ತಿಗೆ ಮುಂಗೈಯ ಒಳಮೈ ನೀಲಿಗಟ್ಟಿತು. ಅಂಗಿ ಬಿಚ್ಚಿ ಕನ್ನಡಿ ಮುಂದೆ ನಿಂತಾಗ ಎಡಗೈಗೂ ಬಲಗೈಗೂ ವ್ಯತ್ಯಾಸ ಕಂಡಿತು. ಬಲರಟ್ಟೆಯ ಮಾಂಸಖಂಡ ಮೇಲಕ್ಕೆ ಸುರುಳಿ ಸುತ್ತಿಕೊಂಡು ಭುಜದ ಕಡೆಗೆ ಸರಿದಿತ್ತು. ಅದರ ಕೆಳಗೆ, ಮೊಣಕೈಗಿಂತ ಮೇಲೆ, ಖಾಲಿ ಹಳ್ಳ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದೆ. ಈಗ ನೆನೆದರೆ ಹೋಗಬಾರದಿತ್ತು ಎನಿಸುತ್ತದೆ. ಒಂದು ಬಾಗಿಲಿಗೆ ಹಿಂಜ್ ಕೂರಿಸಬೇಕಿತ್ತು. ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿದೆ. ಸ್ಕ್ರೂ ಮರಕ್ಕೆ ಸ್ವಲ್ಪ ಕಚ್ಚಿತು, ಅಷ್ಟೇ. ಅಂಗೈಯನ್ನು ಮೇಲ್ಮುಖ ಮಾಡುವಂತೆ ತಿರುಗಿಸಲು ಹೋದರೆ ಆ ಕಡೆಯಿಂದ ಯಾರೂ ಎಳೆಯುತ್ತಿಲ್ಲ. ಹಗ್ಗ ಬಿದ್ದುಹೋದ ಬಾವಿಯ ಗಡಗಡೆಯನ್ನು ಸುಮ್ಮನೆ ತಿರುಗಿಸಿದ ಹಾಗೆ. ಡ್ರೈವರನ್ನು ಮೇಜಿನ ಮೇಲಿಟ್ಟು ಕುಳಿತುಬಿಟ್ಟೆ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಇನ್ನೊಮ್ಮೆ ಇಲ್ಲ.

ವೈದ್ಯರು ಮೊದಲು ಯಂತ್ರವನ್ನೇನೂ ತರಲಿಲ್ಲ. ಎಡಗೈಯ ಮೊಣಕೈಯನ್ನು ಲಂಬಕೋನಕ್ಕೆ ಬಾಗಿಸಲು ಹೇಳಿ, ಅಂಗೈ ಮೇಲೆ ಮಾಡಿಸಿ, ಮಡಿಕೆಯ ಹೊರಬದಿಯಿಂದ ತಮ್ಮ ತೋರುಬೆರಳನ್ನು ಕೊಕ್ಕೆಯಂತೆ ತೂರಿಸಿದರು. ಬೆರಳಿಗೆ ದಪ್ಪ ಹುರಿಯೊಂದು ಸಿಕ್ಕಿತು, ಅದನ್ನು ಮುಂದಕ್ಕೆ ಎಳೆದೂ ತೋರಿಸಿದರು. ಬಲಗೈಯಲ್ಲೂ ಹಾಗೆಯೇ ಮಾಡಿದರು. ಬೆರಳಿಗೆ ಏನೂ ಸಿಗಲಿಲ್ಲ. ಆಮೇಲೆ ಸ್ಕ್ಯಾನ್ ಆದದ್ದು ಅದನ್ನು ಖಚಿತಪಡಿಸಿಕೊಳ್ಳುವುದಕ್ಕೆ. ತಡಮಾಡಿದಷ್ಟೂ ಕಿತ್ತ ರಜ್ಜು ಮೇಲಕ್ಕೆ ಕುಗ್ಗಿಹೋಗುವುದರಿಂದ ಎರಡು ವಾರದೊಳಗೆ ಶಸ್ತ್ರಚಿಕಿತ್ಸೆ ಮಾಡಿ ಅದನ್ನು ಮತ್ತೆ ಎಲುಬಿಗೆ ಕೂರಿಸಿದರು. ನಲವತ್ತು ದಾಟಿದ ಗಂಡಸರಲ್ಲಿ, ಹೆಚ್ಚಾಗಿ ಬಳಸುವ ಕೈಯಲ್ಲಿ ಇದು ಹೆಚ್ಚು ಎಂದೂ ಹೇಳಿದರು. ಧೂಮಪಾನ ಮಾಡುವವರಲ್ಲಿ ಅಪಾಯ ಇನ್ನೂ ಹೆಚ್ಚಂತೆ. ನನಗೆ ಆ ಚಟವಿತ್ತು. ಆ ದಿನದಿಂದ ಇಲ್ಲ.

ಸ್ಕ್ರೂಡ್ರೈವರ್ ಏಕೆ ತಿರುಗಲಿಲ್ಲ ಎಂದು ಅವರನ್ನೇ ಕೇಳಿದೆ. ಅವರು ಕೊಟ್ಟ ವಿವರಣೆ ನನ್ನಂಥ ಕೈಕೆಲಸದವನಿಗೆ ಬಹಳ ಚೆನ್ನಾಗಿ ಅರ್ಥವಾಯಿತು, ಆದ್ದರಿಂದ ನಿಮ್ಮ ಓದುಗರಿಗೂ ಹೇಳುತ್ತೇನೆ. ಬೈಸೆಪ್ಸ್ ಎಂದರೆ ಎರಡು ತಲೆಯದು ಎಂದು ಅರ್ಥ. ಒಂದು ತಲೆ ಭುಜದ ಗುಳಿಯ ಮೇಲಂಚಿನಿಂದ ಹೊರಡುತ್ತದೆ, ಇನ್ನೊಂದು ಹೆಗಲ ಹಲಗೆಯಲ್ಲಿ ಕಾಗೆಯ ಕೊಕ್ಕಿನಂತೆ ಮುಂದೆ ಚಾಚಿದ ಎಲುಬಿನ ತುದಿಯಿಂದ. ಎರಡೂ ಕೂಡಿ, ಮೊಣಕೈ ದಾಟಿ, ಮುಂಗೈಯ ಎರಡು ಎಲುಬುಗಳಲ್ಲಿ ಹೆಬ್ಬೆರಳಿನ ಕಡೆಯದಕ್ಕೆ ಅಂಟಿಕೊಳ್ಳುತ್ತವೆ. ಗುಟ್ಟು ಇರುವುದು ಅಲ್ಲೇ. ಹೆಬ್ಬೆರಳ ಕಡೆಯ ಆ ಎಲುಬು ತನ್ನ ಅಕ್ಷದಲ್ಲಿ ತಿರುಗಬಲ್ಲದು. ಹಾಗಾಗಿ ಬೈಸೆಪ್ಸ್ ಎಳೆದಾಗ ಮೊಣಕೈ ಬಾಗುವುದಷ್ಟೇ ಅಲ್ಲ, ಅಂಗೈ ಮೇಲ್ಮುಖವಾಗಿಯೂ ತಿರುಗುತ್ತದೆ. ಬಲಗೈಯಲ್ಲಿ ಸ್ಕ್ರೂ ಬಿಗಿಮಾಡುವುದು ಇದೇ ತಿರುವು. ಬೈಸೆಪ್ಸಿನ ಅಡಿಯಲ್ಲಿ ಬ್ರೇಕಿಯಾಲಿಸ್ ಎಂಬ ಇನ್ನೊಂದು ಸ್ನಾಯು ಅಡಗಿ ಕುಳಿತಿದೆ. ಅದು ಅಂಟಿರುವುದು ಕಿರುಬೆರಳ ಕಡೆಯ ಎಲುಬಿಗೆ, ಆ ಎಲುಬು ತಿರುಗುವುದಿಲ್ಲ. ಆದ್ದರಿಂದ ಬೈಸೆಪ್ಸ್ ಕಿತ್ತರೂ ಕೈ ಬಾಗಿಸುವುದು ಅಷ್ಟಿಷ್ಟು ಉಳಿಯುತ್ತದೆ, ತಿರುಗಿಸುವ ಬಲ ಹೆಚ್ಚು ಹೋಗುತ್ತದೆ. ಕೈಯನ್ನೇ ನಂಬಿ ಬದುಕುವವನಿಗೆ ಇದು ಸಣ್ಣ ಮಾತಲ್ಲ.

ಮನೆಯಲ್ಲಿ ಕೈಗೆ ಪಟ್ಟಿ ಕಟ್ಟಿಕೊಂಡು ಕುಳಿತ ವಾರಗಳಲ್ಲಿ ನಾನು ಒಂದು ಲೆಕ್ಕ ಹಾಕಿದೆ. ಬಡಗಿಗೆ ಸನ್ನೆಕೋಲಿನ ಲೆಕ್ಕ ಹೊಸದಲ್ಲ. ಮೊಣಕೈ ಕೀಲಿನಿಂದ ನಾನು ಡಂಬೆಲ್ (ಒಂದೇ ಕೈಯಲ್ಲಿ ಎತ್ತುವ ಗಿಡ್ಡ ಭಾರ) ಹಿಡಿಯುವ ಮುಷ್ಟಿಗೆ ಸುಮಾರು 30 ಸೆಂಟಿಮೀಟರ್. ರಜ್ಜು ಎಲುಬನ್ನು ಹಿಡಿದಿರುವುದು ಕೀಲಿನಿಂದ ಸುಮಾರು 4 ಸೆಂಟಿಮೀಟರ್ ದೂರದಲ್ಲಿ. ಮುಂಗೈ ನೆಲಕ್ಕೆ ಸಮಾನಾಂತರವಾಗಿ ನಿಂತಾಗ ಕೈಯಲ್ಲಿ 10 ಕಿಲೋ ಇದ್ದರೆ, ಮೊಣಕೈ ಬಾಗಿಸುವ ಸ್ನಾಯುಗಳು ಸೇರಿ ಸುಮಾರು 75 ಕಿಲೋದಷ್ಟು ಎಳೆಯಬೇಕು. ಏಳೂವರೆ ಪಟ್ಟು! ನಾವು ತಟ್ಟೆಯ ಮೇಲೆ ಬರೆದ ಅಂಕಿಯನ್ನು ನೋಡುತ್ತೇವೆ, ರಜ್ಜು ನೋಡುವ ಅಂಕಿಯೇ ಬೇರೆ.

ಇನ್ನು ಬೆಂಚಿನ ವಿಷಯ. ನಿಂತು ಎತ್ತುವಾಗ ಕೈ ಕೆಳಗೆ ಇಳಿಬಿದ್ದಿದ್ದರೆ ಭಾರ ನೇರ ನೆಲದ ಕಡೆಗೆ ಜಗ್ಗುತ್ತದೆ, ಮೊಣಕೈಯನ್ನು ತಿರುಚುವ ಬಲ ಹತ್ತಿರಹತ್ತಿರ ಸೊನ್ನೆ. ಕಷ್ಟವೆಲ್ಲ ನಡುದಾರಿಯಲ್ಲಿ, ಮುಂಗೈ ಅಡ್ಡವಾದಾಗ. ಪ್ರೀಚರ್ ಬೆಂಚಿನಲ್ಲಿ ತೋಳು ಇಳಿಜಾರಿನಲ್ಲಿರುತ್ತದೆ. ಆ ಇಳಿಜಾರು 45 ಡಿಗ್ರಿ ಎಂದಿಟ್ಟುಕೊಳ್ಳಿ. ಕೈಯನ್ನು ಪೂರ್ತಿ ಚಾಚಿದಾಗಲೂ ಗರಿಷ್ಠ ಬಲದ ನೂರಕ್ಕೆ 70 ಪಾಲು ಮೊಣಕೈಯ ಮೇಲೆ ಇದ್ದೇ ಇರುತ್ತದೆ. ಅದೂ ಸ್ನಾಯು ಹಿಗ್ಗಿರುವ ಹೊತ್ತಿನಲ್ಲಿ. ಆ ದಿನ ನನ್ನ ಒಂದೊಂದು ಕೈಗೆ ಹದಿನೇಳೂವರೆ ಕಿಲೋ ಬಂದಿತ್ತು. ತಳದಲ್ಲಿ, ಬೀಳುವ ಜಗ್ಗು ಬಿಟ್ಟೇ, ಒಳಗಿನ ಎಳೆತ 90 ಕಿಲೋ ದಾಟಿತ್ತು. ನಿಂತು ಎತ್ತುವಾಗ ಸೋತಿದ್ದರೆ ಬೆನ್ನು ಬಾಗುತ್ತಿತ್ತು, ಭುಜ ಜಾರುತ್ತಿತ್ತು, ಆ ಭಾರ ಎಲ್ಲೆಲ್ಲಿಗೋ ಹಂಚಿಹೋಗುತ್ತಿತ್ತು. ಬೆಂಚಿನ ಮೇಲೆ ತೋಳಿಗೆ ಸರಿದುಕೊಳ್ಳಲು ಜಾಗವಿಲ್ಲ. ಬಿಗಿಯಾಗಿ ಹಿಡಿಸಿದ ಹಲಗೆಗೆ ಉಳಿ ಇಟ್ಟು ಜೋರಾಗಿ ಹೊಡೆದರೆ ಅದು ತಪ್ಪಿಸಿಕೊಳ್ಳಲಾರದು, ಸೀಳುತ್ತದೆ. ಹಿಡಿತ ಬಿಗಿಯಾದಷ್ಟೂ ಪೆಟ್ಟು ಹಗುರವಾಗಿರಬೇಕು ಎಂದು ನನ್ನ ಹುಡುಗರಿಗೆ ನೂರಾರು ಸಲ ಹೇಳಿದವನು ನಾನೇ. ನನ್ನ ತೋಳಿನ ವಿಷಯದಲ್ಲಿ ಅದು ನೆನಪಾಗಲಿಲ್ಲ.

ಸಂಪಾದಕರೇ, ನನ್ನ ಪತ್ರದ ತಿರುಳು ಇಷ್ಟೇ: ಮೊಣಕೈಗೆ ಆಸರೆ ಕೊಡುವ ಯಾವ ಸಾಧನವನ್ನು ಬಳಸಿದರೂ ಭಾರ ಇಳಿಸಬೇಕು, ಏರಿಸಬಾರದು. ಜಿಮ್ಮುಗಳಲ್ಲಿ ನಾನು ಕಂಡದ್ದೆಲ್ಲ ಇದಕ್ಕೆ ತಿರುಗುಮುರುಗು.

ಹಾಗೆಂದು ಸಾಧನ ಬೇಡ ಎನ್ನುವವನಲ್ಲ ನಾನು. ನನ್ನ ಕೈ ಮತ್ತೆ ಕೈಯಾದದ್ದೇ ಆಸರೆಯಿಂದ. ಮೂರು ತಿಂಗಳು ಕಳೆದ ಮೇಲೆ ಫಿಸಿಯೋಥೆರಪಿಸ್ಟ್ ಒಬ್ಬರು ನನ್ನ ಕೈಗೆ ಒಂದು ಕಿಲೋ ಡಂಬೆಲ್ ಕೊಟ್ಟರು. ನಾಲ್ಕನೆಯ ತಿಂಗಳ ಕೊನೆಗೆ ಮೂರು ಕಿಲೋ, ಜೊತೆಗೆ ಕೊರಳಿಗೆ ಹಾಕಿಕೊಳ್ಳುವ ಆರ್ಮ್ ಬ್ಲಾಸ್ಟರ್. ಹೆಸರು ಕೇಳಿದರೆ ಸಿಡಿಮದ್ದಿನಂತಿದೆ, ನೋಡಿದರೆ ಬಾಗಿಸಿದ ಒಂದು ಅಲ್ಯೂಮಿನಿಯಂ ತಗಡು. ಎದೆಗೂಡಿನ ಕೆಳಗೆ ಹೊಟ್ಟೆಗೆ ಒತ್ತಿ ಕೂರುತ್ತದೆ, ಎರಡೂ ತುದಿಗಳಲ್ಲಿ ಮೊಣಕೈಯ ಹಿಂಬದಿ ಕೂರಲು ತಗ್ಗು ಇರುತ್ತದೆ, ಅಲ್ಲಿ ಮೆತ್ತನೆಯ ಹೊದಿಕೆ. ಎಲ್ಲವನ್ನೂ ಎತ್ತಿ ಹಿಡಿದಿರುವುದು ಕೊರಳ ಸುತ್ತ ಹೋಗುವ ಒಂದು ಪಟ್ಟಿ. ಸ್ಕ್ರೂ ಇಲ್ಲ, ಸ್ಪ್ರಿಂಗ್ ಇಲ್ಲ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದೇನು ಮಾಡೀತು ಎಂದುಕೊಂಡೆ.

ಮೂರು ಕಿಲೋ ಎತ್ತಿದೆ. ಅರ್ಧಕ್ಕೆ ಬಂದಾಗ ರಟ್ಟೆ ನಡುಗಿತು. ಅಭ್ಯಾಸಬಲದಿಂದ ಮೊಣಕೈಯನ್ನು ಮುಂದೆ ತರಲು ಹೋದೆ. ತಗಡಿಗೂ ಮೊಣಕೈಗೂ ನಡುವೆ ಸಂದು ಬಿತ್ತು, ಬೆವೆತ ಚರ್ಮಕ್ಕೆ ತಣ್ಣನೆಯ ಗಾಳಿ ತಾಕಿತು. ಆ ತಣ್ಣನೆಯ ಸ್ಪರ್ಶವೇ ನನ್ನ ಗುರು. ಮೊಣಕೈ ಜಾಗ ಬಿಟ್ಟಿದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಮತ್ತೆ ಒತ್ತಿ ಕೂರಿಸಿ ಎತ್ತಿದೆ. ಎಂಟನೆಯ ಸಲಕ್ಕೆ ಕೈ ಸೋತಿತು. 30 ಕಿಲೋ ಎತ್ತುತ್ತಿದ್ದೆ ಎಂದು ಎರಡು ವರ್ಷ ನಂಬಿದ್ದೆನಲ್ಲ, ಅದರಲ್ಲಿ ಬೈಸೆಪ್ಸಿನ ಪಾಲೆಷ್ಟು, ಸೊಂಟದ ಪಾಲೆಷ್ಟು ಎಂದು ಅಂದು ಯೋಚಿಸಿದೆ. ಹಲಗೆಯನ್ನು ವೈಸಿಗೆ ಸಿಕ್ಕಿಸಿದ ಮಾತ್ರಕ್ಕೆ ಗರಗಸಕ್ಕೆ ಹೊಸ ಹಲ್ಲು ಬರುವುದಿಲ್ಲ. ಇರುವ ಹಲ್ಲು ಎಷ್ಟು ಮೊಂಡಾಗಿದೆ ಎಂಬುದು ಆಗ ಗೊತ್ತಾಗುತ್ತದೆ.

ಆ ತಗಡನ್ನು ಹಾಕಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ಪಟ್ಟಿ ಉದ್ದವಾದರೆ ತಗಡು ಹೊಟ್ಟೆಯ ಕೆಳಗೆ ಜೋತುಬಿದ್ದು ಮೊಣಕೈಗೆ ಸಿಗುವುದೇ ಇಲ್ಲ. ಗಿಡ್ಡವಾದರೆ ಎದೆಗೆ ಏರಿ ಭುಜವನ್ನು ಮೇಲಕ್ಕೆ ದೂಡುತ್ತದೆ. ಭುಜವನ್ನು ಸಡಿಲ ಬಿಟ್ಟು ನಿಂತಾಗ ಮೊಣಕೈ ತಾನಾಗಿ ತಗ್ಗಿನಲ್ಲಿ ಕೂರಬೇಕು, ಪಟ್ಟಿಯ ಅಳತೆ ಅಲ್ಲಿಗೆ ನಿಲ್ಲಬೇಕು. ಇನ್ನೊಂದು ಮಾತು: ತಗಡು ಮೊಣಕೈಯನ್ನು ಕಾಯುತ್ತದೆ, ಬೆನ್ನನ್ನು ಕಾಯುವುದಿಲ್ಲ. ಹಿಂದಕ್ಕೆ ವಾಲಿ ಎತ್ತಿದರೆ ತಗಡೂ ನಮ್ಮ ಜೊತೆಗೇ ವಾಲುತ್ತದೆ. ನನ್ನನ್ನು ಫಿಸಿಯೋಥೆರಪಿಸ್ಟ್ ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿದರು. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದೆ, ಮಂಡಿ ಸ್ವಲ್ಪವೇ ಸಡಿಲ, ಪೃಷ್ಠ ಮತ್ತು ಬೆನ್ನಿನ ಮೇಲ್ಭಾಗ ಗೋಡೆಗೆ. ಹೀಗೆ ನಿಂತ ಮೇಲೆ ಮೈ ತೂಗಿ ಮೋಸ ಮಾಡಲು ದಾರಿಯೇ ಉಳಿಯುವುದಿಲ್ಲ. ಕೊರಳು ನೋವಿರುವವರು ಮಾತ್ರ ಈ ಸಾಧನದ ಗೋಜಿಗೆ ಹೋಗದಿರುವುದು ಒಳ್ಳೆಯದು, ಒತ್ತಡದ ಒಂದು ಪಾಲು ಆ ಪಟ್ಟಿಯ ಮೂಲಕ ಕೊರಳಿಗೇ ಬೀಳುತ್ತದೆ. ಅವರಿಗೆ ಬರೀ ಗೋಡೆ ಸಾಕು. ಇಲ್ಲವೇ ಕುರ್ಚಿಯ ಮೇಲೆ ಕುಳಿತು, ಮುಂದೆ ಬಾಗಿ, ತೋಳಿನ ಹಿಂಬದಿಯನ್ನು ತೊಡೆಯ ಒಳಮೈಗೆ ಊರಿ ಒಂದೊಂದೇ ಕೈಯಲ್ಲಿ ಎತ್ತಬಹುದು. ತೊಡೆಗಿಂತ ಒಳ್ಳೆಯ ಆಸರೆ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ.

ಎತ್ತುವ ರೀತಿ ಎಲ್ಲ ಸಾಧನಕ್ಕೂ ಒಂದೇ. ಮಣಿಕಟ್ಟು ಮುಂಗೈಯ ನೇರಕ್ಕೆ, ಒಳಗೂ ಬಾಗಬಾರದು ಹೊರಗೂ ಮುರಿಯಬಾರದು. ನೇರ ಬಾರಿನಲ್ಲಿ ಮಣಿಕಟ್ಟು ನೋಯುವವರಿಗೆ ಅಂಕುಡೊಂಕಾದ ಈಜೀ ಬಾರ್ ಇದೆ. ಡಂಬೆಲ್ ಆದರೆ ಅಂಗೈ ಮೇಲ್ಮುಖವಾಗಿರಲಿ, ತಿರುಗಿಸುವುದೂ ಬೈಸೆಪ್ಸಿನ ಕೆಲಸವೇ ಎಂದು ಮೇಲೆ ಹೇಳಿದೆನಲ್ಲ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಉಸಿರು ಕಟ್ಟಿ ಎತ್ತಿದರೆ ರಕ್ತದೊತ್ತಡ ಏರುತ್ತದೆ, ನನ್ನ ವಯಸ್ಸಿನವರು ಇದನ್ನು ಮರೆಯಬಾರದು. ಎತ್ತಲು ಒಂದೆರಡು ಸೆಕೆಂಡು, ಇಳಿಸಲು ಮೂರು. ಈ ಇಳಿಸುವ ಮೂರು ಸೆಕೆಂಡನ್ನು ಜಿಮ್ಮುಗಳಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಎತ್ತಿದ್ದನ್ನಷ್ಟೇ ಎಣಿಸುತ್ತಾರೆ. ನನ್ನ ರಜ್ಜು ಕಿತ್ತದ್ದು ಎತ್ತುವಾಗಲ್ಲ, ಇಳಿಸುವಾಗ. ಈ ಬಗೆಯ ಗಾಯಗಳು ಹೆಚ್ಚಾಗಿ ಆಗುವುದೇ ಹಾಗೆ ಎಂದು ವೈದ್ಯರೂ ಹೇಳಿದರು: ಬಾಗಿದ ಮೊಣಕೈಯನ್ನು ಭಾರ ಬಲವಂತವಾಗಿ ನೆಟ್ಟಗೆ ಎಳೆದಾಗ.

ಪ್ರೀಚರ್ ಬೆಂಚಿಗೆ ನಾನು ಮತ್ತೆ ಹೋದದ್ದು ಎಂಟನೆಯ ತಿಂಗಳಲ್ಲಿ. ಸುಳ್ಳು ಹೇಳುವುದಿಲ್ಲ, ಕುಳಿತಾಗ ಅಂಗೈ ಒದ್ದೆಯಾಯಿತು. ಈ ಸಲ ಮೊದಲು ಆಸನದ ಎತ್ತರ ನೋಡಿಕೊಂಡೆ. ಆಸನ ತಗ್ಗಾದರೆ ಭುಜ ಕಿವಿಗೇರುತ್ತದೆ, ಎತ್ತರವಾದರೆ ಬೆನ್ನು ಗೂನಾಗಿ ಮೊಣಕೈ ಮೆತ್ತೆಯ ಮೇಲೆ ನಿಲ್ಲುವುದಿಲ್ಲ. ಮೆತ್ತೆಯ ಮೇಲಂಚು ಕಂಕುಳಿಗೆ ಆನಿಕೊಂಡು, ತೋಳಿನ ಹಿಂಬದಿ ಪೂರ್ತಿಯಾಗಿ ಮೆತ್ತೆಗೆ ಅಂಟಬೇಕು, ಒಂದು ಕಾಗದವೂ ನುಸುಳದಂತೆ. ಕೆಳಗಿಳಿಸುವಾಗ ಕೈ ಪೂರ್ತಿ ನೆಟ್ಟಗಾಗುವುದಕ್ಕೆ ಸ್ವಲ್ಪ ಮುಂಚೆ ನಿಲ್ಲಿಸುತ್ತೇನೆ. ಹಗುರವಾದ ಭಾರವಿದ್ದು, ನಿಧಾನವಾಗಿ ಇಳಿಸಬಲ್ಲವರು ಪೂರ್ತಿ ಚಾಚುವುದು ತಪ್ಪಲ್ಲ, ಸ್ನಾಯುವಿಗೆ ಒಳ್ಳೆಯದೇ. ಆದರೆ ಅಲ್ಲಿ ಬೀಳಿಸುವಂತಿಲ್ಲ, ಪುಟಿಸಿ ಎತ್ತುವಂತಿಲ್ಲ. ತುದಿಯಲ್ಲಿ ಮುಂಗೈ ನೆಟ್ಟಗೆ ನಿಂತಾಗ ಭಾರವೇ ಇಲ್ಲದಂತಾಗುತ್ತದೆ, ಅಲ್ಲಿ ತಂಗುವುದರಿಂದ ಲಾಭವೂ ಇಲ್ಲ.

ಈ ಬೆಂಚಿಗೆ ಸ್ಕಾಟ್ ಬೆಂಚ್ ಎಂಬ ಹೆಸರೂ ಇದೆ. 1965ರಲ್ಲಿ ದೇಹದಾರ್ಢ್ಯ ಸ್ಪರ್ಧೆಯ ಮೊತ್ತಮೊದಲ ಮಿಸ್ಟರ್ ಒಲಿಂಪಿಯಾ ಆಗಿ, 1966ರಲ್ಲಿ ಆ ಪಟ್ಟವನ್ನು ಉಳಿಸಿಕೊಂಡ ಲ್ಯಾರಿ ಸ್ಕಾಟ್ ಇದನ್ನು ಪ್ರಸಿದ್ಧಿಗೆ ತಂದರು. ಅವರಿಗೆ ಕಲಿಸಿದವರು ವಿನ್ಸ್ ಗಿರೊಂಡಾ. ಆರ್ಮ್ ಬ್ಲಾಸ್ಟರ್ ಜನಪ್ರಿಯವಾದದ್ದು 1970ರಿಂದ 1975ರ ತನಕ ಸತತವಾಗಿ, ಮತ್ತೆ 1980ರಲ್ಲಿ ಅದೇ ಪಟ್ಟ ಗೆದ್ದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಅವರ ಚಿತ್ರಗಳಿಂದ. ಅವರ ತೋಳನ್ನು ನೋಡಿ ನಾವು ಸಾಧನವನ್ನು ತರುತ್ತೇವೆ, ಜೊತೆಗೆ ಅವರ ಭಾರವನ್ನೂ ತರುತ್ತೇವೆ. ತೋಳು ಮಾತ್ರ ನಮ್ಮದೇ ಇರುತ್ತದೆ.

ಇದಕ್ಕೆ ಬರುವ ಎದುರುಮಾತುಗಳು ನನಗೆ ಗೊತ್ತು. ನಿಜಜೀವನದಲ್ಲಿ ಮೊಣಕೈಯನ್ನು ಯಾರೂ ಕಟ್ಟಿಹಾಕಿ ಭಾರ ಎತ್ತುವುದಿಲ್ಲ, ಹಾಗಿದ್ದ ಮೇಲೆ ಆಸರೆ ಏಕೆ ಎನ್ನುತ್ತಾರೆ. ನಿಜ, ನಾನೂ ಮರದ ದಿಮ್ಮಿ ಎತ್ತುವಾಗ ಕಾಲು, ಸೊಂಟ, ಬೆನ್ನು ಎಲ್ಲವನ್ನೂ ಬಳಸುತ್ತೇನೆ, ಬಳಸಲೇಬೇಕು. ಆದರೆ ಕರ್ಲ್ ಮಾಡುವುದು ದಿಮ್ಮಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದಕ್ಕಲ್ಲವಲ್ಲ, ಒಂದು ಸ್ನಾಯುವನ್ನು ಬೆಳೆಸುವುದಕ್ಕೆ. ಅನುಭವಿಗಳು ಕೊನೆಯ ಒಂದೆರಡು ಸಲ ಮೈಯನ್ನು ಸ್ವಲ್ಪ ತೂಗಿ ಎತ್ತುವುದುಂಟು ಎಂದೂ ಹೇಳುತ್ತಾರೆ. ಇರಬಹುದು. ಏನು ಮಾಡುತ್ತಿದ್ದೇನೆಂದು ತಿಳಿದು, ನಿಂತುಕೊಂಡು ಮಾಡುವವರ ಬಗ್ಗೆ ನನ್ನ ಆಕ್ಷೇಪವಿಲ್ಲ. ನನಗೆ ಭಯವಿರುವುದು ಏನು ಮಾಡುತ್ತಿದ್ದೇವೆಂದು ತಿಳಿಯದವರ ಬಗ್ಗೆ, ಬೆಂಚಿನ ಮೇಲೆ ಅದನ್ನು ಮಾಡುವವರ ಬಗ್ಗೆ. ಎರಡು ವರ್ಷ ಆ ಗುಂಪಿನಲ್ಲಿ ನಾನೂ ಇದ್ದೆ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರೆಲ್ಲರೂ ವಾರಕ್ಕೆ ಎರಡು ದಿನವಾದರೂ ಮೈಯ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ. ನಿಮ್ಮ ಲೇಖನವೂ ಅದನ್ನೇ ಹೇಳಿತ್ತು. ಅಂದರೆ ಇನ್ನು ಮುಂದೆ ಜಿಮ್ಮಿಗೆ ಬರುವವರಲ್ಲಿ ನಲವತ್ತು, ಐವತ್ತು, ಅರವತ್ತು ದಾಟಿದವರು ಹೆಚ್ಚಾಗುತ್ತಾರೆ, ಹೆಂಗಸರು ಹೆಚ್ಚಾಗುತ್ತಾರೆ. ಅವರಿಗೆ ತೋಳು ತೋರಿಸಿಕೊಳ್ಳುವ ಹಂಬಲವಿಲ್ಲ, ಮೊಮ್ಮಕ್ಕಳನ್ನು ಎತ್ತಿಕೊಳ್ಳಬೇಕು, ಮುಚ್ಚಳ ತಿರುಗಿಸಬೇಕು, ಬೀಗ ತೆಗೆಯಬೇಕು. ಹಾಗಿರುವಾಗ ಎರಡು, ಮೂರು ಕಿಲೋ ಡಂಬೆಲ್‌ಗಳನ್ನು ದೂರದ ಮೂಲೆಯ ಬುಟ್ಟಿಯಲ್ಲಿ ಎಸೆದು, ಬೆಂಚಿನ ಪಕ್ಕದಲ್ಲಿ ದೊಡ್ಡ ದೊಡ್ಡ ತಟ್ಟೆಗಳನ್ನೇ ಜೋಡಿಸಿಡುವುದು ಏಕೆ? ಚಿಕ್ಕ ಭಾರ ತರಲು ಎಲ್ಲರೆದುರು ನಡೆದು ಹೋಗಬೇಕಾದ್ದರಿಂದಲೇ ಎಷ್ಟೋ ಜನ ಕೈಗೆ ಸಿಕ್ಕ ದೊಡ್ಡದನ್ನು ಎತ್ತಿಬಿಡುತ್ತಾರೆ. ಜಿಮ್ ನಡೆಸುವವರು ಹಗುರ ಡಂಬೆಲ್‌ಗಳನ್ನು ಬೆಂಚಿನ ಪಕ್ಕಕ್ಕೆ ತಂದಿಡಲಿ. ಕಲಿಸುವವರು ತಟ್ಟೆಯ ಅಂಕಿಯನ್ನು ಬಿಟ್ಟು ಮೊಣಕೈಯನ್ನು ನೋಡಲಿ. ಅದು ಅಲುಗಿದ ಕ್ಷಣ ಆ ಸುತ್ತು (ಸೆಟ್) ಮುಗಿಯಿತು ಎಂದು ಹೇಳುವ ಧೈರ್ಯ ಅವರಿಗಿರಲಿ. ನೀವು ಮುಂದಿನ ಸಲ ಚಿತ್ರ ಆರಿಸುವಾಗ, ದಯವಿಟ್ಟು, ಮೆತ್ತೆಗೆ ಅಂಟಿದ ತೋಳಿನ ಚಿತ್ರವನ್ನೇ ಆರಿಸಿ. ಅದು ನೋಡಲು ಅಷ್ಟು ರಭಸವಾಗಿ ಕಾಣಲಿಕ್ಕಿಲ್ಲ. ಓದುವವರಿಗಿಂತ ಚಿತ್ರ ನೋಡಿ ಕಲಿಯುವವರೇ ಹೆಚ್ಚು.

ನನ್ನ ಕೈ ಈಗ ಚೆನ್ನಾಗಿದೆ. ಆರು ತಿಂಗಳ ಮೇಲೆ ಉಳಿ ಹಿಡಿದೆ, ಒಂಬತ್ತನೆಯ ತಿಂಗಳಲ್ಲಿ ಗಟ್ಟಿಮರಕ್ಕೆ ಉದ್ದನೆಯ ಸ್ಕ್ರೂವನ್ನು ಕೈಯಿಂದಲೇ ಪೂರ್ತಿ ಕೂರಿಸಿದೆ. ಇಂದಿಗೂ ಆಸರೆಯಿಟ್ಟು ಎತ್ತುವುದು ಏಳು ಕಿಲೋ ಮಾತ್ರ, ಹತ್ತು ಸಲ, ಮೂರು ಸೆಟ್.

ನನ್ನ ಬಳಿ ಕೆಲಸ ಕಲಿಯುವ ಹುಡುಗನೊಬ್ಬನಿದ್ದಾನೆ, ಹತ್ತೊಂಬತ್ತು ವರ್ಷ. ಅವನಿಗೂ ತೋಳು ಬೆಳೆಸುವ ಆಸೆ. ಬೇಡವೆನ್ನಲಿಲ್ಲ. ಕೆಲಸ ಮುಗಿದ ಮೇಲೆ ಅಂಗಡಿಯ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸುತ್ತೇನೆ. ಆರ್ಮ್ ಬ್ಲಾಸ್ಟರ್ ಅವನಿಗೆ ಅಗಲವಾಗುತ್ತದೆ, ಅದಕ್ಕೆ ನನ್ನದೇ ಒಂದು ಉಪಾಯ ಮಾಡಿದ್ದೇನೆ. ಗುರುತು ಹಾಕುವ ಚಪ್ಪಟೆ ಪೆನ್ಸಿಲನ್ನು ಅವನ ಮೊಣಕೈಯ ಒಳಬದಿಗೂ ಪಕ್ಕೆಗೂ ನಡುವೆ ಸಿಕ್ಕಿಸುತ್ತೇನೆ. ಮೊಣಕೈ ಜಾಗ ಬಿಟ್ಟರೆ ಪೆನ್ಸಿಲ್ ಬೀಳುತ್ತದೆ. ಮೊದಲ ದಿನ ಎಂಟು ಕಿಲೋ ಬೇಕೆಂದು ಹಟ ಹಿಡಿದಿದ್ದ, ಎರಡನೆಯ ಸಲಕ್ಕೇ ಪೆನ್ಸಿಲ್ ನೆಲದ ಮೇಲಿತ್ತು. ಐದಕ್ಕೆ ಇಳಿದ. ‘ಮೇಸ್ತ್ರಿ, ಇನ್ನೊಂದೇ ಒಂದು’ ಎಂದು ಕೇಳುತ್ತಿದ್ದ, ನಾನು ಪೆನ್ಸಿಲನ್ನು ತೋರಿಸುತ್ತಿದ್ದೆ. ನಿನ್ನೆ ಸಂಜೆ ನಾನು ಒಳಗೆ ಹಲಗೆಗೆ ಅಂಟು ಹಚ್ಚುತ್ತಿದ್ದೆ, ಅವನನ್ನು ನೋಡುತ್ತಿರಲಿಲ್ಲ. ಹನ್ನೊಂದು ಎಣಿಸಿದ್ದು ಕೇಳಿಸಿತು, ಪೆನ್ಸಿಲ್ ಬಿದ್ದ ಸದ್ದು ಕೇಳಿಸಿತು. ಹನ್ನೆರಡು ಕೇಳಿಸಲಿಲ್ಲ. ತಿರುಗಿ ನೋಡಿದಾಗ ಡಂಬೆಲ್ಲನ್ನು ಕೆಳಗಿಟ್ಟು ಪೆನ್ಸಿಲ್ ಎತ್ತಿಕೊಳ್ಳುತ್ತಿದ್ದ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗ,
ಒಬ್ಬ ಬಡಗಿ